ರೀಲ್ ಹಾಕುವ ಕೈ

ಚಹಾ ಕುಡಿಯುತ್ತಾ ಓದಿ... ಆದರೆ ಅರ್ಧಕ್ಕೆ ಬಿಡಬೇಡಿ.

ಗದಗಿನ ಒಂದು ಓಣಿಯಲ್ಲಿ ತುಕಾರಾಮಪ್ಪ ಟೇಲರ್ ಅಂಗಡಿ. ಮದುವೆ ಬ್ಲೌಸ್ ಅಂದರೆ ಊರ ಹೆಂಗಸರು ಅಲ್ಲಿಗೇ ಬರುತ್ತಿದ್ದರು.

ಆದರೆ ಆ ಅಂಗಡಿಯಲ್ಲಿ ಒಂದು ವಿಚಿತ್ರ... ಮೆಷಿನ್ ಮೇಲಿನ ಕಡ್ಡಿಗೆ ದಾರದ ರೀಲ್ ಹಾಕುವವರು ಟೇಲರ್ ಅಲ್ಲ, ಅವರ ಹೆಂಡತಿ ಅಂಬಕ್ಕ.

ರೀಲ್ ನೆಟ್ಟಗೆ ಕೂಡಿಸಿ, ದಾರದ ತುದಿ ಎಳೆದು ಗಂಡನ ಕೈಗೆ ಕೊಡುವರು. ಮೆಷಿನ್ ಅಡಿಯಲ್ಲಿ ಕೂರುವ ದಾರದ ಬಾಬಿನ್ ಸುತ್ತುವವರೂ ಅವರೇ.

ತುಕಾರಾಮಪ್ಪ ದಾರದ ಡಬ್ಬಿಗೆ ಕೈ ಹಾಕಿದರೆ ಮುಗಿಯಿತು... "ಅದನ್ನ ಮುಟ್ಟಬ್ಯಾಡ್ರಿ" ಎಂದು ಅಂಬಕ್ಕ ಎಲ್ಲರೆದುರೇ ಗದರುವರು.

ಓಣಿಯವರು ನಗುತ್ತಿದ್ದರು. "ಪಾಪ, ರೀಲ್ ಹಾಕಾಕೂ ಹೆಂಡ್ತಿ ಪರ್ಮಿಷನ್ ಬೇಕು" ಎನ್ನುತ್ತಿದ್ದರು. ಅಂಬಕ್ಕನಿಗೆ ಹಿಂದಿನಿಂದ ಇಟ್ಟ ಹೆಸರು... ಗಯ್ಯಾಳಿ.

ಆ ಮನೆಗೆ ಸೊಸೆಯಾಗಿ ಬಂದವಳು ರೋಹಿಣಿ. ಫ್ಯಾಷನ್ ಡಿಸೈನ್ ಕಲಿತವಳು. ಅಂಗಡಿಯಲ್ಲಿ ಕೈಜೋಡಿಸಿದ ಮೊದಲ ವಾರವೇ ಅವಳಿಗೆ ಸಂಕಟವಾಯಿತು.

ಇಷ್ಟು ಚೆಂದ ಹೊಲಿಯುವ ಮಾವ... ಸಣ್ಣ ಹುಡುಗನ ಹಾಗೆ ಬೈಸಿಕೊಳ್ಳುತ್ತಾರಲ್ಲ!

ಒಂದು ದಿನ ಅಂಬಕ್ಕ ತಂಗಿಯ ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆಂದು ಹಾವೇರಿಗೆ ಹೋದರು. ಹೋಗುವಾಗ ಒಂದೇ ಮಾತು ಹೇಳಿದರು: "ನಾ ಬರೋತನಕ ಹೊಸಾ ಬ್ಲೌಸ್ ಹಿಡೀಬ್ಯಾಡ್ರಿ."

ಆದರೆ ಮದುಮಗಳೊಬ್ಬಳ ಕಡುಹಸಿರು ರೇಷ್ಮೆ ಬ್ಲೌಸ್ ಅಂದೇ ಸಂಜೆ ಬೇಕೆಂದು ಅವಳ ತಾಯಿ ಶಾಂತವ್ವ ಫೋನ್ ಮಾಡಿದರು. ಮದುವೆ ಮೊದಲು ಗೊತ್ತಾದ ದಿನಕ್ಕಿಂತ ಬೇಗ ನಡೆಯುವುದಿತ್ತು.

"ಅಕಿ ಬರ್ಲಿ ತಡಿ ಯವ್ವಾ... ನಾಳೆ ಹೊಲದ್ರಾತು" ಎಂದರು ತುಕಾರಾಮಪ್ಪ.

ರೋಹಿಣಿಗೆ ಸಿಟ್ಟು ತಡೆಯಲಾಗಲಿಲ್ಲ.

"ಎಷ್ಟಂತ ಅಂಜತೀರಿ ಮಾವಾರ? ಅಂಗಡಿ ನಿಮ್ಮದು. ಇವತ್ತರ ನಿಮ್ಮ ಕೈಯಾರೆ ರೀಲ್ ಹಾಕ್ರಿ, ನೋಡೋಣ."

ತುಕಾರಾಮಪ್ಪ ದಾರದ ಡಬ್ಬಿಯನ್ನೇ ನೋಡುತ್ತಾ ಕುಳಿತರು.

ರೋಹಿಣಿ ಬ್ಲೌಸಿನ ಹುಕ್ಕು ತರಲು ಪೇಟೆಗೆ ಹೋದಳು. ಮನಸ್ಸಿನೊಳಗೆ ಗೆದ್ದ ಖುಷಿ.

ತಿರುಗಿ ಬಂದಾಗ ಬ್ಲೌಸ್ ಹೊಲಿದು ಮುಗಿದಿತ್ತು. ತುಕಾರಾಮಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಹೆಮ್ಮೆಯಿಂದ ತೋರಿಸಿದರು. "ಹೆಂಗ ಬಂದೈತಿ ನೋಡವಾ."

ರೋಹಿಣಿಯ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

ಕಡುಹಸಿರು ರೇಷ್ಮೆಯ ಕೊರಳಿಗೆ, ತೋಳಿಗೆ, ಎಲ್ಲೆಲ್ಲೂ... ಕೆಂಪು ಕೆಂಪಾದ ಮೆರೂನ್ ದಾರ. ಬಾಬಿನ್‌ನಲ್ಲೂ ಅದೇ. ಮೆಷಿನ್ ಮೇಲೆ ಮೆರೂನ್ ರೀಲ್ ಹಾಗೇ ಕುಳಿತಿತ್ತು.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಳು. ಆದರೆ ಆ ಮುಖದಲ್ಲಿ ತಮಾಷೆ ಇರಲಿಲ್ಲ.

"ಮಾವಾರ... ಈ ದಾರ ಯಾವ ಬಣ್ಣದ್ದು?"

ಅವರ ನಗು ನಿಂತುಹೋಯಿತು.

"ಹಸಿರು... ಅಲ್ಲೇನು?"

ರೋಹಿಣಿ ಸ್ಟೂಲ್ ಎಳೆದು ಅವರೆದುರು ಕುಳಿತಳು. ಅವರು ತಲೆ ತಗ್ಗಿಸಿದರು.

"ನನಗ ಕೆಂಪು, ಹಸಿರು ಎರಡೂ ಒಂದೇ ಕಾಣ್ತಾವು ಯವ್ವಾ. ಹುಟ್ಟಿದಾಗಿಂದ. ಮದುವಿ ಆದ ಹೊಸದಾಗ ನಿಮ್ಮ ಅತ್ತೀಗೆ ಗೊತ್ತಾತು. ಅಂಗಡಿ ಮುಚ್ಚತೇನಿ ಅಂದೆ. ಅಕಿ ಬಿಡಲಿಲ್ಲ..."

"'ಮಂದಿ ನನ್ನ ಗಯ್ಯಾಳಿ ಅನ್ನಲಿ, ನಿಮ್ಮನ್ನ ಬಣ್ಣ ತಿಳೀದ ಟೇಲರ್ ಅನ್ನಬಾರ್ದು' ಅಂದ್ಲು ನಿಮ್ಮ ಅತ್ತಿ. ಅವತ್ತಿಂದ ರೀಲ್ ಅಕೀನ ಹಾಕ್ತಾಳ."

ರೋಹಿಣಿಗೆ ಎಲ್ಲ ಅರ್ಥವಾಯಿತು. ತಾನು ದಿನವೂ ಕಂಡ ದರ್ಪ... ಅದು ದರ್ಪವೇ ಆಗಿರಲಿಲ್ಲ.

ಅಷ್ಟರಲ್ಲೇ ಶಾಂತವ್ವ ಬಂದೇಬಿಟ್ಟರು. ಬ್ಲೌಸ್ ನೋಡಿದ್ದೇ ಕೂಗಾಡತೊಡಗಿದರು.

ರೋಹಿಣಿ ತಟ್ಟನೆ ಎದ್ದು ನಿಂತಳು. "ತಪ್ಪು ನಂದ್ರೀ. ರೀಲ್ ನಾನ ಹಾಕಿದ್ದೆ. ಬಿಚ್ಚಿ ಮತ್ತ ಹೊಲದು ಕೊಡ್ತೀವಿ."

"ಕಲತಾಕಿ ಅಂತೀ, ಇಷ್ಟೂ ಕಣ್ಣು ಕಾಣಂಗಿಲ್ಲೇನು?" ಎಂದರು ಶಾಂತವ್ವ.

"ಅಕೀಗ ಬೈಬ್ಯಾಡ್ರಿ."

ತುಕಾರಾಮಪ್ಪ ಎದ್ದು ಬಂದಿದ್ದರು. "ರೀಲ್ ಹಾಕಿದವ ನಾನು. ನನಗ ಕೆಂಪು, ಹಸಿರು ತಿಳಿಯಂಗಿಲ್ಲ."

ಶಾಂತವ್ವ ನಂಬಲಿಲ್ಲ. "ಮತ್ತ ಇಷ್ಟು ವರ್ಷ... ನನ್ನ ಮದುವಿ ಕುಪ್ಪಸಾನೂ ನೀವ ಹೊಲದೀರಿ."

"ಹೊಲದಾಂವ ನಾನು. ಬಣ್ಣ ನೋಡಿದಾಕಿ ಅಂಬಕ್ಕ."

ಗಯ್ಯಾಳಿ ಎಂಬ ಮಾತನ್ನು ಎಲ್ಲರಿಗಿಂತ ಜೋರಾಗಿ ಆಡಿದವರೇ ಶಾಂತವ್ವ. ಬ್ಲೌಸನ್ನು ಅಲ್ಲೇ ಇಟ್ಟು, ತಲೆ ತಗ್ಗಿಸಿ ಹೊರಟುಹೋದರು.

ಮರುದಿನ ಬಸ್ ಇಳಿದು ಬಂದ ಅಂಬಕ್ಕನಿಗೆ ಎಲ್ಲ ತಿಳಿಯಿತು. ಚೀಲ ಹಿಡಿದುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟರು.

"ಯಾಕ ಹೇಳಿದ್ರಿ? ಇಷ್ಟು ದಿನ ಕಾಯ್ದಿದ್ನೆಲ್ಲ..."

"ನೀ ನನ್ನ ಹೆಸರು ಕಾಯ್ದಿ" ಎಂದರು ತುಕಾರಾಮಪ್ಪ. "ನಿನ್ನ ಹೆಸರು ಯಾರು ಕಾಯಬೇಕು?"

ಅಂಬಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರು ಅತ್ತದ್ದನ್ನು ರೋಹಿಣಿ ಕಂಡದ್ದು ಅದೇ ಮೊದಲು.

ಕಾಲಿಗೆ ಬಿದ್ದು ಕ್ಷಮೆ ಕೇಳಬೇಕೆಂದು ಹತ್ತಿರ ಹೋದಳು. ಅಷ್ಟರಲ್ಲಿ ಅಂಬಕ್ಕನೇ ಅವಳ ಗಲ್ಲ ಮುಟ್ಟಿ ಕೇಳಿದರು... "ಮುಖ ಯಾಕ ಬಾಡೈತಿ? ಊಟಾ ಮಾಡಿಯೋ ಇಲ್ಲೋ?"

ಅತ್ತೆ ಸೊಸೆ ಕೂಡಿ ಬ್ಲೌಸಿನ ಹೊಲಿಗೆ ಬಿಚ್ಚಿದರು. ಅಂಬಕ್ಕ ಹಸಿರು ರೀಲ್ ಹಾಕಿಕೊಟ್ಟರು, ತುಕಾರಾಮಪ್ಪ ಮತ್ತೆ ಹೊಲಿದರು. ಸಂಜೆ ಶಾಂತವ್ವ ಬಂದು ಕೈಮುಗಿದು ನಿಂತರು. "ಅಂಬಕ್ಕಾ... ಭಾಳ ಅಂದೇನಿ ನಿನಗ."

ಅಂಬಕ್ಕ ಬ್ಲೌಸ್ ಮಡಚಿ ಅವರ ಕೈಗಿತ್ತರು. "ಮೊದಲ ಮಗಳಿಗೆ ಹಾಕಿ ನೋಡ್ರಿ. ತೋಳು ಬಿಗಿ ಆದ್ರ ಈಗ ತರ್ರಿ, ಹೊಲಿಗಿ ಬಿಟ್ಟು ಸಡಿಲ ಮಾಡಿ ಕೊಡ್ತೇವಿ."

*ಕೆಲವರು ಕೆಟ್ಟವರು ಅನ್ನಿಸಿಕೊಂಡಾದರೂ ತಮ್ಮವರ ಮಾನ ಉಳಿಸುತ್ತಾರೆ.*

ನಿಮ್ಮ ಮನೆಯಲ್ಲಿ ಎಲ್ಲರ ಮಾತು ಕೇಳಿಸಿಕೊಂಡು ಸುಮ್ಮನಿರುವವರು ಯಾರು...? ಯಾಕೆ ಸುಮ್ಮನಿದ್ದಾರೆಂದು ಒಮ್ಮೆಯಾದರೂ ಯೋಚಿಸಿದ್ದೀರಾ?