ಸಿಸ್ಟರ್ ಇನ್ನಾಸಮ್ಮ ಮತ್ತು ದೋಲ್ಗೋರ್ ಅಜ್ಜಿಯ ಒಲೆ

ಓದಲು ಮೂರೇ ನಿಮಿಷ ಸಾಕು... ಆಮೇಲೆ ಮನಸ್ಸು ಭಾರವಾದರೆ ನನ್ನನ್ನು ಬೈಯಬೇಡಿ.

ಇನ್ನಾಸಮ್ಮ ನನ್ನ ಜೊತೆ ನರ್ಸಿಂಗ್ ಓದಿದವಳು. ಕನಕಪುರದ ಕಡೆಯ ಹಳ್ಳಿಯವಳು. ಓದು ಮುಗಿದ ಮೇಲೆ ನಾನು ಸಂಸಾರಕ್ಕೆ ಬಿದ್ದೆ, ಅವಳು ಕಾನ್ವೆಂಟ್ ಸೇರಿ ಸಿಸ್ಟರ್ ಆದಳು.

ಅವಳನ್ನು ಸೇವೆಗೆ ಕಳಿಸಿದ್ದು ಎಲ್ಲಿಗೆ ಗೊತ್ತೇ? ಮಂಗೋಲಿಯಾಕ್ಕೆ... ಮೈನಸ್ ಮೂವತ್ತೈದು ಡಿಗ್ರಿ ಚಳಿ. ಹಾಸ್ಟೆಲಿನಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಮಲಗುತ್ತಿದ್ದ ಹುಡುಗಿ ಅಲ್ಲಿ ಹನ್ನೆರಡು ವರ್ಷ ಇದ್ದಳು.

ಕುರಿ, ಕುದುರೆ ಸಾಕುವ ಜನರ ನಡುವೆ ಒಂದು ಪುಟ್ಟ ದವಾಖಾನೆ. ಅಲ್ಲಿಯವರ ಮನೆಯೆಂದರೆ ದಪ್ಪ ಉಣ್ಣೆ ಹೊದಿಸಿದ ದುಂಡನೆಯ ಡೇರೆ, ನಟ್ಟನಡುವೆ ಒಲೆ.

ಕಳೆದ ವರ್ಷ ಅವಳ ಮಂಡಿ ಪೂರಾ ಕೈಕೊಟ್ಟಿತು. ಮೂರು ವಾರದಲ್ಲಿ ವಾಪಸ್ ಬಾ ಎಂದು ಕಾನ್ವೆಂಟಿನಿಂದ ಪತ್ರ ಬಂತು.

ಸುದ್ದಿ ತಿಳಿದದ್ದೇ ತಡ, ಜನ ಬರತೊಡಗಿದರು... ಒಬ್ಬರು ಒಣಗಿಸಿದ ಮೊಸರಿನ ಗಟ್ಟಿ ತಂದರೆ, ಇನ್ನೊಬ್ಬರು ಉಣ್ಣೆಯ ಬೂಟು ತಂದರು.

ಬಾರದೇ ಇದ್ದದ್ದು ಒಬ್ಬರೇ. ಹಳ್ಳದ ಆಚೆ ದಡದ ದೋಲ್ಗೋರ್ ಅಜ್ಜಿ.

ಅದಕ್ಕೆ ಕಾರಣ ಇತ್ತು...

ಹನ್ನೊಂದು ವರ್ಷದ ಹಿಂದೆ ಅಜ್ಜಿಯ ಗಂಡನ ಕಾಲು ಹಿಮದಲ್ಲಿ ಹೆಪ್ಪುಗಟ್ಟಿ ಹುಣ್ಣಾಗಿತ್ತು. ಸಿಸ್ಟರ್ ಹೋಗಿ ಡ್ರೆಸ್ಸಿಂಗ್ ಮಾಡಿದಳು. ಕೀವು ಮೆತ್ತಿದ ಹಳೇ ಬ್ಯಾಂಡೇಜನ್ನು ಎತ್ತಿ ಒಲೆಗೆ ಹಾಕಿಬಿಟ್ಟಳು!

ಗಾಯದ ಬಟ್ಟೆ ಸುಡಬೇಕು ಎಂದು ನಮಗೆ ಕಲಿಸಿದ್ದೇ ಹಾಗೆ.

ಆದರೆ ಆ ಜನಕ್ಕೆ ಒಲೆಯ ಬೆಂಕಿಯೇ ಮನೆಯ ದೇವರು. ಅದಕ್ಕೆ ಒಂದು ಕಸಕಡ್ಡಿ ಕೂಡ ಎಸೆಯುವುದಿಲ್ಲ. ಅಜ್ಜಿ ಎದ್ದು ಬಾಗಿಲು ತೆರೆದು ನಿಂತರು. ಸಿಸ್ಟರ್ ಹೊರಗೆ ಬಂದಳು.

ಅಲ್ಲಿ ಬಾಗಿಲು ತಟ್ಟುವ ಪದ್ಧತಿ ಇಲ್ಲ. ದೂರದಿಂದಲೇ "ನಾಯಿ ಹಿಡ್ಕೊಳ್ಳಿ" ಎಂದು ಕೂಗಬೇಕು, ಒಳಗಿನಿಂದ ಉತ್ತರ ಬಂದರೆ ಹೋಗಬೇಕು.

ಮಾರನೇ ದಿನ ಡ್ರೆಸ್ಸಿಂಗಿಗೆ ಹೋಗಿ ಕೂಗಿದಳು... ಉತ್ತರವಿಲ್ಲ. ಅದರ ಮಾರನೇ ದಿನವೂ ಇಲ್ಲ. ಮೂರನೇ ದಿನ ಅವಳು ಹೋಗಲೇ ಇಲ್ಲ.

ಇಪ್ಪತ್ತು ದಿನಕ್ಕೆ ಅಜ್ಜಿಯ ಗಂಡ ತೀರಿಕೊಂಡರು.

ಈ ಸಿಸ್ಟರ್ ಒಲೆ ಮೈಲಿಗೆ ಮಾಡಿದ್ದಕ್ಕೇ ಗಂಡ ಹೋದ ಎಂದು ಅಜ್ಜಿ ತಿಳಿದಿದ್ದಾರೆ... ಸಿಸ್ಟರ್ ಮನಸ್ಸಿನಲ್ಲಿ ಅದು ಅಚ್ಚೊತ್ತಿ ಕೂತಿತು.

ವಾಪಸ್ ಬಂದವಳು ನನಗೆ ಇದನ್ನು ಹೇಳುತ್ತಿದ್ದಾಗ, ಇಷ್ಟು ವರ್ಷ ಹೋಗಿ ಒಂದು ಮಾತು ಕೇಳಬಾರದಿತ್ತೇನೇ ಎಂದು ನಾನು ಗದರಿದೆ. "ಮೊದಲು ಭಯ ಕಣೇ... ಆಮೇಲೆ ಕೆಲ್ಸ... ಆಮೇಲೆ ನಾಚಿಕೆ," ಅಂದಳು.

ಎದುರಿಗೆ ಸಿಕ್ಕರೆ ಅಜ್ಜಿ ಮುಖ ತಿರುಗಿಸುತ್ತಿದ್ದರು. ಇವಳು ತಲೆ ತಗ್ಗಿಸುತ್ತಿದ್ದಳು.

ಕ್ಷಮೆ ಕೇಳದೆ ಆ ನೆಲ ಬಿಟ್ಟರೆ ತನ್ನ ಹನ್ನೆರಡು ವರ್ಷದ ಸೇವೆ ದಂಡ ಎನಿಸಿತು ಅವಳಿಗೆ. ಆದರೂ ಮೊದಲ ವಾರ ಹಳ್ಳದವರೆಗೆ ಹೋಗಿ ವಾಪಸ್ ಬಂದಳು. ಎರಡನೇ ವಾರವೂ ಅದೇ ಕಥೆ.

ಹೊರಡಲು ಮೂರು ದಿನ ಇದ್ದಾಗ ಕೋಲೂರಿಕೊಂಡು ಹಳ್ಳ ದಾಟಿಯೇ ಬಿಟ್ಟಳು. ಡೇರೆಯ ಮುಂದೆ ನಿಂತು ಕೂಗಿದಳು.

"ನಾಯಿ ಹಿಡ್ಕೊಳ್ಳಿ..."

ಒಳಗಿನಿಂದ ಮುದಿ ದನಿ ಬಂತು.

"ನಾಯಿ ಸತ್ತು ಐದು ವರ್ಷ ಆಯ್ತು. ಒಳಗೆ ಬಾ."

ಅಜ್ಜಿ ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟರು. ಸಿಸ್ಟರ್ ಬಟ್ಟಲನ್ನು ಕೆಳಗಿಟ್ಟು, ನಿಮ್ಮ ಒಲೆ ಕೆಡಿಸಿದೆ, ಅದಕ್ಕೇ ಅಜ್ಜ ಹೋದರು ಎಂದು ನೀವು ನೊಂದಿದ್ದೀರಿ, ಕ್ಷಮಿಸಿ ಎಂದು ಅತ್ತಳು.

ಅಜ್ಜಿ ಒಲೆಯನ್ನೇ ನೋಡುತ್ತಾ ಕೂತಿದ್ದರು.

"ನೀನು ಬಟ್ಟೆ ಹಾಕಿದ್ದಕ್ಕೆ ಅವನು ಸಾಯ್ಲಿಲ್ಲ ಮಗಳೇ... ನಾನು ನಿನ್ನನ್ನ ಒಳಗೆ ಬಿಡ್ಲಿಲ್ಲ ನೋಡು, ಅದಕ್ಕೆ ಸತ್ತ. ಅವಳನ್ನ ಕರಿ ಅಂತ ಎರಡು ಸಲ ಹೇಳ್ದ. ನಾನೇ ಹಟ ಮಾಡ್ದೆ."

ಸಿಸ್ಟರ್ ಅಳು ನಿಲ್ಲಿಸಿ ತಲೆಯೆತ್ತಿ ಅಜ್ಜಿಯನ್ನು ನೋಡಿದಳು.

"ನಿನ್ನ ಮುಖ ನೋಡಿದ್ರೆ ಅದೇ ನೆನಪಾಗೋದು... ಅದಕ್ಕೇ ತಿರುಗ್ಸಿಕೊಳ್ತಿದ್ದೆ."

ಹನ್ನೊಂದು ವರ್ಷ... ಒಂದೇ ಹಳ್ಳದ ಎರಡು ದಡದಲ್ಲಿ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಹೆದರಿ ಬದುಕಿದ್ದರು!

ಸಿಸ್ಟರ್ ಸುಳ್ಳು ಸಮಾಧಾನ ಹೇಳಲಿಲ್ಲ. "ಬದುಕ್ತಿದ್ರೋ ಇಲ್ವೋ ನಂಗೂ ಗೊತ್ತಿಲ್ಲ ಅಜ್ಜಿ. ಆದ್ರೆ ಮೂರನೇ ದಿನ ನಾನು ಬರೋದೇ ಬಿಟ್ಟೆ. ಅದು ನನ್ ತಪ್ಪು," ಎಂದು ಅಜ್ಜಿಯ ಕೈ ಹಿಡಿದುಕೊಂಡಳು.

ಅಜ್ಜಿ ಎದ್ದು ಹೋಗಿ ಒಂದಿಷ್ಟು ಬೆಣ್ಣೆ ತಂದು ಅವಳ ಬಲ ಅಂಗೈಯಲ್ಲಿಟ್ಟು, ಒಲೆಯ ಕಡೆ ಕೈ ತೋರಿಸಿದರು. ಅಲ್ಲಿ ಬೆಂಕಿಗೆ ಸಲ್ಲಿಸುವ ಗೌರವ ಅದು, ಮನೆಯವರು ಮಾತ್ರ ಮಾಡುವಂಥದ್ದು.

ಸಿಸ್ಟರ್ ಬೆಣ್ಣೆಯನ್ನು ಒಲೆಗೆ ಹಾಕಿದಳು. ಉರಿ ಭಗ್ಗನೆ ಎದ್ದಿತು. ಇಬ್ಬರೂ ಮನಸಾರೆ ಅತ್ತರು.

ಕ್ರೈಸ್ತ ಸಿಸ್ಟರ್ ಆಗಿ ಹಾಗೆ ಹಾಕಬಹುದಾ ಎಂದು ನಾನು ಕಿಚಾಯಿಸಿದೆ. "ಆ ಅಜ್ಜಿ ಮುಖ ನೋಡಿದ್ರೆ ಯೇಸುವೇ ಎರಡು ಸಲ ಹಾಕ್ತಿದ್ದ, ಸುಮ್ನಿರೇ," ಅಂದಳು.

ಹೊರಡುವ ದಿನ ಊರೆಲ್ಲ ಸೇರಿತ್ತು. ಜೀಪ್ ಹೊರಟಾಗ ದೋಲ್ಗೋರ್ ಅಜ್ಜಿ ಮುಂದೆ ಬಂದು ಸೌಟಿನಿಂದ ಹಾಲು ಚಿಮುಕಿಸತೊಡಗಿದರು. ಹೋಗುವ ದಾರಿ ಹಾಲಿನಂತೆ ಬೆಳ್ಳಗಿರಲಿ ಎಂದು ಅಲ್ಲಿ ಹೆತ್ತ ತಾಯಂದಿರು ಹಾಗೆ ಮಾಡುತ್ತಾರಂತೆ.

ಹಿಂತಿರುಗಿ ನೋಡಿದಷ್ಟು ದೂರವೂ ಅಜ್ಜಿಯ ಕೈ ಆಡುತ್ತಲೇ ಇತ್ತಂತೆ...

ಇದನ್ನು ಹೇಳಿ ಮುಗಿಸಿ ಇನ್ನಾಸಮ್ಮ ಕಣ್ಣೊರೆಸಿಕೊಂಡಳು. "ಮೂರೇ ದಿನ ಸಿಕ್ತು ಕಣೇ ನಂಗೆ ಆ ಅಜ್ಜಿ ಜೊತೆ. ಹನ್ನೊಂದು ವರ್ಷ ಸಿಗಬೋದಿತ್ತು."

ಮನೆಗೆ ಬಂದವಳೇ ಆರು ವರ್ಷದಿಂದ ಮಾತು ಬಿಟ್ಟಿದ್ದ ನನ್ನ ನಾದಿನಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

*ನಾವು ಹೆದರಿ ದೂರ ನಿಂತ ಬಾಗಿಲಿನ ಒಳಗೆ, ನಮ್ಮಷ್ಟೇ ಹೆದರಿದವರು ಕೂತಿರಬಹುದು.*

ನೀವು ಯಾರ ಮನೆಯ ಮುಂದೆ, ಎಂದೋ ಸತ್ತುಹೋದ ನಾಯಿಗೆ ಹೆದರಿ ನಿಂತಿದ್ದೀರಿ...?