ಓಡಿದವನ ತಪ್ಪು

“ಇಷ್ಟೊಂದು ಯಾಕೆ ಓಡಿದೆ, ಮಗಾ?” ಎಂದು ರಸ್ಟಿ ಪೆಲ್ಹಮ್ ಸಾಹೇಬರು ಕೇಳಿದರು.

ನಲವತ್ತು ಗಜ ಓಡಿ ಬಂದು, ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದ ಲಾವೆಲ್ ಟಿಬ್ಸ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ನೀವೇ ಓಡು ಅಂದ್ರಲ್ಲ, ಸರ್.”

“ಈಗಿನ ಮಾತಲ್ಲ. ಮೂರು ವರ್ಷದಿಂದ ಓಡಿದ್ದು.”

ಪೆಲ್ಹಮ್ ಸಾಹೇಬರು ದೊಡ್ಡ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡವೊಂದಕ್ಕೆ ಆಟಗಾರರನ್ನು ಹುಡುಕಿಕೊಡುವ ಸ್ಕೌಟ್. ಮುಂದಿನ ತಿಂಗಳು ತಂಡಗಳೆಲ್ಲ ಸರದಿಯ ಪ್ರಕಾರ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಇತ್ತು. ಯಾರಿಗೆ ಎಷ್ಟು ಬೆಲೆ ಕಟ್ಟಬಹುದೆಂದು ತೂಗಿ ನೋಡಲು ಅವರು ಮಿಸಿಸಿಪ್ಪಿಯ ಈ ಪುಟ್ಟ ಕಾಲೇಜಿಗೆ ಬಂದಿದ್ದರು. ಒಂದು ಕೈಯಲ್ಲಿ ಸ್ಟಾಪ್‌ವಾಚು, ಇನ್ನೊಂದರಲ್ಲಿ ಬೇಯಿಸಿದ ಕಡಲೆಕಾಯಿಯ ಪೊಟ್ಟಣ. ಅವರಿಗೆ ಬೇಕಾಗಿದ್ದದ್ದು ಒಬ್ಬನೇ ಒಬ್ಬ ರನ್ನಿಂಗ್ ಬ್ಯಾಕ್. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಕೆಡವಲೆಂದೇ ನಿಂತ ಹನ್ನೊಂದು ಕೋಣಗಳ ನಡುವೆ ನುಗ್ಗುವವನು. ಲಾವೆಲ್‌ಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಅದೊಂದೇ. ಬೇರೆ ಯಾವ ತಂಡದವರೂ ಈ ಊರಿನ ಕಡೆ ತಲೆಹಾಕಿರಲಿಲ್ಲವಾದ್ದರಿಂದ ಈ ಸಾಹೇಬರು ತಲೆಯಾಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

“ಕೋಚ್ ಚೆಂಡು ಕೊಡೋರು, ಸರ್. ಕೊಟ್ಟಾಗಲೆಲ್ಲ ಓಡಿದೆ.”

“ಏಳುನೂರು ಚಿಲ್ಲರೆ ಸಲ ಓಡಿದೀಯ. ಈ ಕಾಲೇಜಲ್ಲಿ ಇಷ್ಟು ಯಾರೂ ಓಡಿಲ್ಲ.”

ಲಾವೆಲ್ ಮುಖ ಅರಳಿತು. “ಥ್ಯಾಂಕ್ಯೂ, ಸರ್.”

“ಹೊಗಳ್ತಾ ಇಲ್ಲಪ್ಪ ನಾನು. ಓಡಿದಾಗಲೆಲ್ಲ ಯಾರೋ ಒಬ್ಬ ನಿನ್ನನ್ನ ನೆಲಕ್ಕೆ ಕುಕ್ಕಿದಾನೆ. ಆ ಮೈಯಲ್ಲಿ ನಮಗೆ ಅಂತ ಏನು ಉಳಿದಿದೆ, ಹೇಳು. ನಿನಗೆ ಇಪ್ಪತ್ತೆರಡು ವರ್ಷ ಇರಬಹುದು, ನಿನ್ನ ಮಂಡಿಗೆ ನನ್ನ ವಯಸ್ಸು.”

ಪಕ್ಕದಲ್ಲೇ ನಿಂತಿದ್ದ ಕೋಚ್ ಮಗ್ರೂಡರ್‌ಗೆ ತಡೆಯಲಾಗಲಿಲ್ಲ. “ರಸ್ಟಿ, ದೀಪ ಹಚ್ಕೊಂಡು ಹುಡುಕಿದ್ರೂ ಇಂಥೋನು ನಿನಗೆ ಸಿಗಲ್ಲ. ಪಕ್ಕೆಲುಬು ಬಿರುಕು ಬಿಟ್ಟಾಗಲೂ ಆಡಿದಾನೆ. ನಾವು ಗೆದ್ದಾಗಿದ್ದ ಆಟದಲ್ಲೂ ಕೊನೇವರೆಗೂ ಇವನ ಕೈಗೇ ಚೆಂಡು. ಒಂದು ದಿನ ಒಲ್ಲೆ ಅಂದೋನಲ್ಲ.”

ಪಾಪ, ಕೋಚ್ ಶಿಫಾರಸು ಮಾಡುತ್ತಿದ್ದರು. ಅವರು ಹೊಗಳಿದಷ್ಟೂ ಹುಡುಗ ಹಳಬನಾಗುತ್ತ ಹೋದ. ಸಾಹೇಬರ ಮುಖ ಸಪ್ಪಗಾಗುವುದನ್ನು ನೋಡುತ್ತ ನಿಂತ ಲಾವೆಲ್‌ಗೆ, ಈ ಮನುಷ್ಯ ಒಮ್ಮೆ ಬಾಯಿ ಮುಚ್ಚಿದರೆ ಸಾಕಪ್ಪಾ ಅನಿಸಿತು. ಆದರೆ ಕೋಚಿಗೆ ಎದುರು ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ.

“ಅಲ್ಲಿ ಬೆಂಚ್ ಮೇಲೆ ಕೂತಿರೋನು ಯಾರು?” ಎಂದರು ಸಾಹೇಬರು, ಸಿಪ್ಪೆ ಉಗುಳಿ.

“ಅವನಾ? ಡೆನಿ ರಿಗಲ್. ಲಾವೆಲ್‌ಗೆ ಬದಲಿ ಅಂತ ಇಟ್ಕೊಂಡಿದ್ವಿ. ಮೂರು ವರ್ಷದಿಂದ ಅಲ್ಲೇ ಕೂತಿದಾನೆ.”

ಸಾಹೇಬರ ಕಣ್ಣು ಮಿನುಗಿತು. “ಅಂದ್ರೆ ಇವನನ್ನ ಯಾರೂ ಕೆಡವೇ ಇಲ್ಲ?”

“ಚೆಂಡು ಕೊಟ್ಟಿದ್ರೆ ತಾನೆ ಕೆಡವೋದು.”

ಡೆನಿಯನ್ನು ಕರೆದು ಓಡಿಸಿದರು. ಲಾವೆಲ್‌ಗಿಂತ ಕೊಂಚ ನಿಧಾನ. ಸಾಹೇಬರು ಅದನ್ನು ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕಿಕೊಂಡರು. ಕುಕ್ಕರಗಾಲಲ್ಲಿ ಕೂತು ಅವನ ಮಂಡಿ ಒತ್ತಿದರು, ಮೀನಖಂಡ ಹಿಸುಕಿದರು, ಪಾದ ಎತ್ತಿ ತಿರುಗಿಸಿ ನೋಡಿದರು. “ಆಹಾ, ಹೊಸಾ ಸೋಫಾ ಇದ್ದಂಗಿದಾನೆ. ಪ್ಲಾಸ್ಟಿಕ್ ಕವರ್ ಕೂಡ ತೆಗೆದಿಲ್ಲ.”

ಡೆನಿ ಒಳ್ಳೆಯ ಹುಡುಗ, ನಾಚಿಕೆಯಿಂದ ಕೆಂಪಗಾದ. “ಸರ್, ಲಾವೆಲ್ ನನಗಿಂತ ಚೆನ್ನಾಗಿ ಆಡ್ತಾನೆ. ಅದಕ್ಕೇ ನಾನು ಕೂತಿದ್ದು.”

“ನೋಡಿದ್ಯಾ, ವಿನಯ ಬೇರೆ,” ಎಂದು ಸಾಹೇಬರು ಕೋಚ್ ಕಡೆ ಹುಬ್ಬು ಹಾರಿಸಿದರು.

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ಡೆನಿಗೆ ಕೂತದ್ದೇ ಹೊನ್ನಾಯಿತು. ಸಾಹೇಬರು ಅವನ ಹೆಗಲ ಮೇಲೆ ಕೈಹಾಕಿ, ಕ್ಯಾಟ್‌ಫಿಶ್ ತಿನ್ನಿಸಲು ಕಾರಿನ ಕಡೆ ನಡೆಸಿಕೊಂಡು ಹೊರಟರು. ಹೋಗುವ ಮುನ್ನ ಲಾವೆಲ್‌ಗೆ ಎರಡು ಒಳ್ಳೆಯ ಮಾತಾಡುವಷ್ಟು ದೊಡ್ಡತನವೂ ಅವರಲ್ಲಿತ್ತು. “ಬೇಜಾರ್ ಮಾಡ್ಕೋಬೇಡ, ಮಗಾ. ನಿನ್ನ ಆಟದಲ್ಲಿ ಒಂದು ಕುಂದೂ ಇಲ್ಲ. ಇಷ್ಟು ಚೆನ್ನಾಗಿ ಆಡಬಾರದಾಗಿತ್ತು, ಅಷ್ಟೆ.”

ಡೆನಿ ಒಮ್ಮೆ ಹಿಂತಿರುಗಿ ನೋಡಿದ. ಲಾವೆಲ್ ಹೋಗು ಎನ್ನುವಂತೆ ಕೈಯಾಡಿಸಿ, ಕಾರು ಗೇಟು ದಾಟಿದ ಮೇಲೆ ಹುಲ್ಲಿನ ಮೇಲೆ ಕುಸಿದು ಕೂತ. ಮುಂದೇನು ಎನ್ನುವುದು ಅವನಿಗೆ ಹೊಳೆಯಲಿಲ್ಲ. ಶೂ ಬಿಚ್ಚೋಣವೆಂದರೆ ಮಂಡಿ ಮಡಚಲು ಬರುತ್ತಿರಲಿಲ್ಲ.

ಕೋಚ್ ಬಂದು ಪಕ್ಕದಲ್ಲಿ ನಿಂತರು. ಅವರಿಗೂ ನಿಜವಾಗಿ ಸಂಕಟವಾಗಿತ್ತು. “ಎದೆಗುಂದಬೇಡ ಕಣೋ. ನಿನಗೊಂದು ಸಿಹಿ ಸುದ್ದಿ ಇಟ್ಕೊಂಡಿದ್ದೆ, ಈಗಲೇ ಹೇಳಿಬಿಡ್ತೀನಿ. ನಿನಗೆ ಗೌರವ ಅಂತ, ನಿನ್ನ ಇಪ್ಪತ್ತೇಳನೇ ನಂಬರ್ ಅಂಗೀನ ಇನ್ಮೇಲೆ ಈ ಕಾಲೇಜಲ್ಲಿ ಯಾರೂ ಹಾಕೋ ಹಾಗಿಲ್ಲ ಅಂತ ತೀರ್ಮಾನ ಆಗಿದೆ. ಒಗೆದು, ಇಸ್ತ್ರಿ ಮಾಡಿ, ಗಾಜಿನ ಪೆಟ್ಟಿಗೇಲಿಟ್ಟು ವಿಶ್ರಾಂತಿ ಕೊಡ್ತೀವಿ ಅದಕ್ಕೆ.”

ಲಾವೆಲ್ ತಲೆಯೆತ್ತಿ ಅವರನ್ನು ನೋಡಿದ.

“ವಿಶ್ರಾಂತಿ ಕೊಡೋಕೆ ನಿಮಗೆ ಬರುತ್ತಾ, ಕೋಚ್?”