ಹೆಸರು ಇದ್ದೇ ಇರುತ್ತೆ

ಮೆಡಿಕಲ್ ಪಿ.ಜಿ. ಓದುತ್ತಿದ್ದ ಅವಳು ಎರಡು ವರ್ಷ ವಾರ್ಡುಗಳಲ್ಲಿ ಅಲೆದು ರೋಗಿಗಳ ರಕ್ತದ ಮಾದರಿ ಸಂಗ್ರಹಿಸಿದ್ದಳು. ಜರ್ನಲ್‌ಗೆ ಕಳಿಸಬೇಕಾದ ಪ್ರಬಂಧ ಬರೆದವಳೂ ಅವಳೇ. ಕೇಳಿದಾಗಲೆಲ್ಲ ಗೈಡ್, "ನಿನ್ನ ಹೆಸರು ಇದ್ದೇ ಇರುತ್ತಮ್ಮ" ಎನ್ನುತ್ತಿದ್ದರು.

ಅಂದು ಅವರಿಗೆ ರೆಫರೆನ್ಸ್ ಸಾಫ್ಟ್‌ವೇರ್ ಕಲಿಸುತ್ತಿದ್ದಳು.

"ಒಂದು ಕ್ಲಿಕ್ ಮಾಡಿದ್ರೆ ಸಾಕು ಸರ್, ಆಕರಗಳ ಪಟ್ಟಿ ತಾನೇ ಬರುತ್ತೆ."

"ಒಂದೇ ಪ್ರಬಂಧಕ್ಕೆ ಹತ್ತಿಪ್ಪತ್ತು ಲೇಖಕರಿದ್ರೆ?"

"ಮೊದಲ ಆರು ಹೆಸರು ಮಾತ್ರ ತೋರಿಸುತ್ತೆ ಸರ್. ಉಳಿದವರನ್ನೆಲ್ಲ 'ಮತ್ತಿತರರು' ಅಂತ ಮಾಡಿಬಿಡುತ್ತೆ."

"ನಾಳೆ ಯಾರಾದ್ರೂ ನಮ್ಮ ಪ್ರಬಂಧ ಉಲ್ಲೇಖಿಸಿದ್ರೂ ಹೀಗೇನಾ?"

"ಹೌದು ಸರ್, ನಮ್ಮ ಜರ್ನಲ್‌ಗಳಲ್ಲೆಲ್ಲ ಇದೇ ಪದ್ಧತಿ."

ಗೈಡ್ ಕುರ್ಚಿಯನ್ನು ಸ್ಕ್ರೀನಿನ ಹತ್ತಿರಕ್ಕೆ ಎಳೆದುಕೊಂಡರು.

"ಭಾಳ ಚೆನ್ನಾಗಿದೆ. ಈಗ ನಮ್ಮ ಪ್ರಬಂಧ ತೆಗಿ, ಲೇಖಕರ ಹೆಸರು ಹಾಕಿಬಿಡೋಣ. ಮೊದಲು ನಂದು. ಆಮೇಲೆ ಡೀನ್ ಸಾಹೇಬ್ರದ್ದು, ಎಚ್ಒಡಿದು, ಸೂಪರಿಂಟೆಂಡೆಂಟರದ್ದು. ನಮ್ಮ ಮನೆಯವರೂ ಡಾಕ್ಟ್ರೇ ತಾನೆ, ಅವರದ್ದೂ ಹಾಕು. ಅಳಿಯಂದೂ ಇರ್ಲಿ."

ಟೈಪ್ ಮಾಡುತ್ತಿದ್ದ ಅವಳ ಬೆರಳು ನಿಂತಿತು.

"ಸರ್, ನನ್ನ ಹೆಸರು?"

"ಕೊಟ್ಟ ಮಾತಿಗೆ ತಪ್ಪೋನಾ ನಾನು? ಏಳನೇದು ನಿಂದೇ ಕಣಮ್ಮ."